ಕಕ್ಕಿಂಜೆಯ ಗಿಡಗಳು ಫೋನಿಗೆ ಬಂದದ್ದು

ವೆಬ್‌ಸೈಟ್ ಮಾಡುವ ಕೆಲಸಕ್ಕೆ ಬರುವ ಮೊದಲು ನಾನು ಬಿ.ಸಿ. ರೋಡಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾಗದ ಜೋಡಿಸುತ್ತಿದ್ದೆ. ಕಾಗದಕ್ಕೆ ಅಂಚು ಇರುತ್ತದೆ. ವಧುವಿನ ಹೆಸರು ಎಲ್ಲಿ ಬರಬೇಕೆಂದು ಒಮ್ಮೆ ತೀರ್ಮಾನಿಸಿದರೆ, ಆ ಕಾಗದ ಯಾರ ಮನೆಗೆ ಹೋದರೂ ಹೆಸರು ಅಲ್ಲೇ ಇರುತ್ತಿತ್ತು. ಪ್ರೆಸ್ಸು ಮುಚ್ಚಿದ ಮೇಲೆ ಒಂದು ವರ್ಷ ಮನೆಯಲ್ಲಿ ಕೂತು ವೀಡಿಯೊ ನೋಡಿ ನೋಡಿ ವೆಬ್‌ಸೈಟ್ ಕಟ್ಟುವುದನ್ನು ಕಲಿತೆ. ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದೆ. ಹಲ್ಲಿನ ಡಾಕ್ಟರೊಬ್ಬರಿಗೆ, ಎರಡು ಮದುವೆ ಹಾಲ್‌ಗಳಿಗೆ, ಕ್ಯಾಟರಿಂಗಿನವರೊಬ್ಬರಿಗೆ ಮಾಡಿಕೊಟ್ಟೆ. ಎಲ್ಲರೂ ನನ್ನ ಲ್ಯಾಪ್‌ಟಾಪಿನಲ್ಲೇ ನೋಡಿ, ಚಂದ ಉಂಟು ಎಂದು ಹೇಳಿ ಎದ್ದು ಹೋದವರು. ಚಂದ ಉಂಟು ಎಂದೇ ನಾನೂ ನಂಬಿದ್ದೆ.

ಕಕ್ಕಿಂಜೆಯ ಅಕ್ಕ ಬಂದದ್ದು ಆಗ. ಐವತ್ತು ದಾಟಿದ ಹೆಂಗಸು. ಗಂಡ ಮಸ್ಕತ್ತಿನಲ್ಲಿ ಹೋಟೆಲು ನಡೆಸುತ್ತಿದ್ದರು. ಇವರು ಊರಲ್ಲಿದ್ದು ಕಸಿ ಕಟ್ಟುವುದನ್ನು ಕಲಿತು, ಮನೆಯ ಹಿಂದಿನ ಜಾಗದಲ್ಲಿ ಹಣ್ಣಿನ ಗಿಡಗಳ ನರ್ಸರಿ ಮಾಡಿದ್ದರು. ಹಲಸು, ಕಾಡಿನ ಕಾಟುಮಾವು, ಬೇರೆ ಕಡೆ ದಿವಿಹಲಸು ಎನ್ನುವ ಜೀಗುಜ್ಜೆ, ಕೋಕಂ ಎನ್ನುವ ಪುನರ್ಪುಳಿ, ಜಂಬು ನೇರಳೆ, ಹೀಗೆ ಅರುವತ್ತಕ್ಕಿಂತ ಹೆಚ್ಚು ಬಗೆ. ಕುರ್ಚಿಯಲ್ಲಿ ಕೂತವರೇ ಚೀಲದಿಂದ ಒಂದು ಪುಟ್ಟ ಹಲಸಿನ ಸಸಿ ತೆಗೆದು ನನ್ನ ಕೀಬೋರ್ಡಿನ ಪಕ್ಕದಲ್ಲಿ ಇಟ್ಟರು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನನ್ನ ಎಲ್ಲ ಗಿಡ ಫೋನಿನಲ್ಲಿ ಕಾಣ್ಬೇಕು. ಜನ ಇಷ್ಟು ದೂರ ಬಂದು, ಬೇಕಾದ ಗಿಡ ಇಲ್ಲ ಅಂತ ವಾಪಸ್ ಹೋಗ್ತಾರೆ. ನನಗೆ ಬೇಜಾರಾಗ್ತದೆ."

ನನಗೆ ಆ ಕೆಲಸ ಎಷ್ಟು ಇಷ್ಟವಾಯಿತೆಂದರೆ, ಮೂರು ವಾರ ಬೇರೆ ಯಾವುದಕ್ಕೂ ಕೈ ಹಾಕಲಿಲ್ಲ. ಪ್ರತಿಯೊಂದು ಗಿಡದ ದೊಡ್ಡ ದೊಡ್ಡ ಫೋಟೋ ತೆಗೆದೆ. ಪುಟ ತೆರೆದರೆ ಮೊದಲು ಪೂರ್ತಿ ಪರದೆಯ ತುಂಬ ಒಂದು ಹಸಿರೆಲೆ. ಅದರ ಮೇಲಿನ ನೀರಹನಿ ಮೆಲ್ಲಗೆ ಜಾರುತ್ತಿತ್ತು. ಆ ಹನಿ ಜಾರಿಸುವುದಕ್ಕೇ ನನಗೆ ನಾಲ್ಕು ದಿನ ಹಿಡಿದಿತ್ತು. ತೋರಿಸಲು ಬಸ್ಸಿನಲ್ಲಿ ಹೊರಟೆ. ಬೆಳ್ತಂಗಡಿ ದಾಟಿ ಮುಂಡಾಜೆ ಬರುವವರೆಗೂ ಮನಸ್ಸಿನಲ್ಲೇ ಅಕ್ಕನ ಮುಖ ನೋಡುತ್ತಿದ್ದೆ.

ಅಕ್ಕ ಅಂಗಳದಲ್ಲಿ ನಿಂತು ತಮ್ಮ ಫೋನಿನಲ್ಲಿ ಪುಟ ತೆರೆದರು. ಬಿಳಿ ಪರದೆ. ಕಾದೆವು. ಅವರು ಫೋನನ್ನು ಮೇಲಕ್ಕೆ ಹಿಡಿದರು, ಗೇಟಿನ ಹತ್ತಿರ ಹೋದರು, ಮತ್ತೆ ನೀರಿನ ಟ್ಯಾಂಕಿನ ಕಟ್ಟೆ ಹತ್ತಿದರು. ಎಲೆಯ ಮೇಲಿನ ತುದಿ ಸ್ವಲ್ಪ ಬಂದು ನಿಂತಿತು.

"ಚಾರ್ಮಾಡಿ ಘಾಟಿಯ ಬುಡ ಇದು. ಇಲ್ಲಿ ನೆಟ್ವರ್ಕ್ ಇಷ್ಟೇ," ಎಂದರು ಕಟ್ಟೆಯ ಮೇಲಿನಿಂದಲೇ. ಆಮೇಲೆ ಇಳಿದು ಬಂದು, ನನ್ನ ಲ್ಯಾಪ್‌ಟಾಪಿನಲ್ಲಿ ಆ ಹನಿಯನ್ನು ನೋಡಿ, ನನಗೆ ನೋವಾಗಬಾರದೆಂದು ಮೆತ್ತಗೆ ಕೇಳಿದರು: "ಈ ನೀರು ಜಾರುದು ಬೇಕಾ? ನನಗೆ ಗಿಡ ಕಂಡ್ರೆ ಸಾಕಿತ್ತು."

ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ವಾಪಸು ಬರುವ ಬಸ್ಸಿನಲ್ಲಿ ಆ ನಾಚಿಕೆ ನಿಧಾನವಾಗಿ ಬೇರೇನೋ ಆಯಿತು. ನಾನು ಇಷ್ಟು ದಿನ ನನ್ನ ಲ್ಯಾಪ್‌ಟಾಪಿಗೆ ಮಾತ್ರ ವೆಬ್‌ಸೈಟ್ ಮಾಡುತ್ತಿದ್ದೆ. ಅದನ್ನು ನೋಡುವ ಫೋನುಗಳು ಯಾರ ಕೈಯಲ್ಲಿವೆ, ಅವು ಎಷ್ಟು ಹಳೆಯವು, ಎಷ್ಟು ಸಣ್ಣವು ಎಂದು ಒಮ್ಮೆಯೂ ನೋಡಿರಲಿಲ್ಲ. ನೋಡಬೇಕು ಅನಿಸಿತು. ಮನೆಗೆ ಹೋಗದೆ ಬೇರೆ ಬಸ್ಸು ಹಿಡಿದು ಸೀದಾ ಫರಂಗಿಪೇಟೆಗೆ ಹೋದೆ.

ಅಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅದನ್ನು ನಡೆಸುವವರು ನನ್ನ ಫೋನಿನ ಗಾಜನ್ನು ಎರಡು ಸಲ ಬದಲಿಸಿದವರು. ಮಾತು ಕಡಿಮೆ, ಕೈ ಬಹಳ ಚುರುಕು. ಮಾರಾಟಕ್ಕಿಟ್ಟ ಹಳೆಯ ಫೋನುಗಳು ಅವರ ಗಾಜಿನ ಕಪಾಟಿನ ತುಂಬ ಇರುತ್ತಿದ್ದವು. ನನಗೆ ಬೇಕಾದದ್ದನ್ನು ವಿವರಿಸಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನನ್ನು ನೋಡಿದರು.

"ಎಲ್ಲ ಫೋನಿನಲ್ಲೂ ಒಂದೇ ಪುಟ ತೆರೀಬೇಕಾ ಮೇಡಂ?"

"ಹೌದು. ಹೇಗೆ ಕಾಣ್ತದೆ ಅಂತ ನೋಡ್ಬೇಕು."

"ಹಾಗಾದ್ರೆ ನೋಡುವ," ಎಂದು ಅವರು ಕಪಾಟು ತೆರೆದೇ ಬಿಟ್ಟರು.

ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನ. ಹದಿನಾಲ್ಕು ಫೋನುಗಳನ್ನು ಕೌಂಟರಿನ ಮೇಲೆ ಸಾಲಾಗಿ ಇಟ್ಟು, ಎಲ್ಲವನ್ನೂ ಅವರ ವೈಫೈಗೆ ಸೇರಿಸಿ, ಒಂದಾದ ಮೇಲೊಂದು ಪುಟ ತೆರೆದೆವು. ಆ ಹೊತ್ತಿನ ಖುಷಿಯನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ನಾನು ಮಾಡಿದ ಒಂದು ಪುಟ ಹದಿನಾಲ್ಕು ಪುಟವಾಗಿತ್ತು. ಒಂದರಲ್ಲಿ ಗಿಡದ ಹೆಸರು ಅರ್ಧ ತುಂಡಾಗಿತ್ತು. ಒಂದರಲ್ಲಿ ಫೋಟೋ ಹೋಗಿ ಫೋನ್ ನಂಬರಿನ ಮೇಲೆ ಕೂತಿತ್ತು. ತೀರ ಹಳೆಯದೊಂದರಲ್ಲಿ ಒತ್ತಕ್ಷರಗಳು ಒಡೆದು, ಜೀಗುಜ್ಜೆ ಎಂಬುದು 'ಜೀಗುಜ್‌ಜೆ' ಆಗಿ ನಿಂತಿತ್ತು. ಅಂಗಡಿಯವರು ಅದನ್ನು ಜೋರಾಗಿ ಓದಿ ನಕ್ಕರು. ಅವರು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮತ್ತೆ ಒಳಗಿಂದ ಬಟ್ಟೆಯಲ್ಲಿ ಸುತ್ತಿದ ಫೋನೊಂದನ್ನು ತಂದರು. "ಇದು ನನ್ನ ಭಾವ ದುಬೈಯಿಂದ ತಂದದ್ದು. ಪುಸ್ತಕದ ಹಾಗೆ ಬಿಚ್ಚುದು. ಮೆಲ್ಲ."

ಮಡಚಿದಾಗ ಪುಟ ಸಣ್ಣ ಕಿಟಕಿಯಷ್ಟು ಇತ್ತು. ಬಿಚ್ಚಿದೆ. ಒಂದು ಸಾಲಿನಲ್ಲಿದ್ದ ಗಿಡಗಳು ಎರಡು ಸಾಲಾಗಿ ಸರಿದು ನಿಂತವು. ಪರದೆ ಅಗಲವಾದರೆ ಎರಡು ಸಾಲು ಮಾಡು ಎಂದು ನಾನು ಬರೆದ ನಾಲ್ಕು ಸಾಲಿನ ಸೂಚನೆಯನ್ನು ಆ ಫೋನು, ನಾನು ಕಂಡೇ ಇರದ ಫೋನು, ಅರ್ಥಮಾಡಿಕೊಂಡಿತ್ತು. ಮಡಚಿದೆ, ಬಿಚ್ಚಿದೆ, ಮಡಚಿದೆ.

"ಸಾಕು ಮೇಡಂ, ಭಾವನ ಫೋನು," ಎಂದು ಅವರು ಕೈ ಚಾಚಿದರು.

ಆ ದಿನ ಬರೆದುಕೊಂಡ ತಪ್ಪುಗಳು ಎರಡು ಪುಟ ತುಂಬಿದವು. ಮರುದಿನದಿಂದ ಒಂದೊಂದೇ ಸರಿಮಾಡಿದೆ. ನೀರಹನಿಯನ್ನು ತೆಗೆದು ಹಾಕಿದೆ. ತೆಗೆಯುವಾಗ ಸ್ವಲ್ಪ ಸಂಕಟವಾಯಿತು, ಆಮೇಲೆ ನೆನಪಾಗಲಿಲ್ಲ. ಫೋಟೋಗಳನ್ನು ಅಂಗೈಯಷ್ಟಾಗಿ ಕುಗ್ಗಿಸಿದೆ. ಕೆಳಗೆ ಒಂದು ದೊಡ್ಡ ಹಸಿರು ಗುಂಡಿ, 'ಅಕ್ಕನಿಗೆ ಫೋನ್ ಮಾಡಿ' ಎಂದು. ಎರಡನೆಯ ಸಲ ಕಕ್ಕಿಂಜೆಗೆ ಹೋದಾಗ ಅಕ್ಕ ಟ್ಯಾಂಕಿನ ಕಟ್ಟೆಯ ಕಡೆಗೆ ನಡೆಯತೊಡಗಿದ್ದರು, ಎರಡು ಹೆಜ್ಜೆ ಇಡುವುದರೊಳಗೆ ಪುಟ ತೆರೆದುಕೊಂಡಿತು. ಅವರು ನಿಂತಲ್ಲೇ ನಿಂತು ಹಲಸಿನಿಂದ ಜಂಬು ನೇರಳೆಯವರೆಗೆ ಒಂದೂ ಬಿಡದೆ ನೋಡಿದರು.

ಕೆಲಸ ಮುಗಿಯಿತು ಅಂದುಕೊಂಡೆ. ಹತ್ತು ದಿನದ ಮೇಲೆ ಅಕ್ಕನ ಫೋನು.

"ಮೂಡುಬಿದಿರೆಯಿಂದ ಒಬ್ಬರು ಫೋನ್ ಮಾಡಿದ್ರು ಮಾರಾಯ್ತಿ. ನಿಮ್ಮ ವೆಬ್‌ಸೈಟ್ ಬರೀ ನಂಬರ್ ಹೇಳ್ತದೆ, ಗಿಡದ ಹೆಸರು ಬಿಟ್ರೆ ಬೇರೆಂತದೂ ಹೇಳುದಿಲ್ಲ ಅಂತ. ಅವರಿಗೆ ಕಣ್ಣು ಕಾಣುದಿಲ್ಲಂತೆ."

ಆ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ. ಅಕ್ಕನಿಂದ ನಂಬರು ತೆಗೆದುಕೊಂಡು ಅವರಿಗೆ ಫೋನ್ ಮಾಡಿ, ಬಂದು ನೋಡಬಹುದೇ ಎಂದು ಕೇಳಿದೆ. "ಬನ್ನಿ, ನಾಳೆಯೇ ಬನ್ನಿ," ಎಂದರು, ತಾವೇ ಇಷ್ಟು ದಿನ ಕಾಯುತ್ತಿದ್ದವರ ಹಾಗೆ.

ಅವರು ನಿವೃತ್ತ ಮಾಷ್ಟ್ರು, ಮೂಡುಬಿದಿರೆಯ ಹಳೆಯ ಜೈನ ಮನೆತನದವರು. ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ದೃಷ್ಟಿ ಐವತ್ತರ ನಂತರ ಮೆಲ್ಲಮೆಲ್ಲನೆ ಹೋದದ್ದಂತೆ. ಮನೆಯ ಪಕ್ಕದಲ್ಲಿ ಸಣ್ಣದೊಂದು ತೋಟ, ಗಿಡದಿಂದ ಗಿಡಕ್ಕೆ ಹಗ್ಗ ಕಟ್ಟಿದ್ದರು. ಹಗ್ಗ ಹಿಡಿದು ಯಾರ ಸಹಾಯವೂ ಇಲ್ಲದೆ ನೀರು ಹಾಕುತ್ತಿದ್ದರು. ನನ್ನನ್ನು ಜಗಲಿಯಲ್ಲಿ ಕೂರಿಸಿ, ತಮ್ಮ ಫೋನು ತೆಗೆದು ಅಕ್ಕನ ಪುಟ ತೆರೆದರು. ಪರದೆಯಲ್ಲಿದ್ದದ್ದನ್ನು ಓದುತ್ತ ಫೋನು ಮಾತಾಡತೊಡಗಿತು. ಎಷ್ಟು ವೇಗವೆಂದರೆ ನನಗೆ ಒಂದಕ್ಷರವೂ ತಿಳಿಯಲಿಲ್ಲ.

"ನಿಮಗಾಗಿ ನಿಧಾನ ಮಾಡ್ತೇನೆ," ಎಂದು ಬೆರಳಾಡಿಸಿದರು.

ಆಗ ಕೇಳಿದೆ. 'ಹಲಸು. ಚಿತ್ರ. ಐ ಎಂ ಜಿ ಸೊನ್ನೆ ಸೊನ್ನೆ ಮೂರು ಒಂದು. ಪುನರ್ಪುಳಿ. ಚಿತ್ರ. ಐ ಎಂ ಜಿ ಸೊನ್ನೆ ಸೊನ್ನೆ ಮೂರು ನಾಲ್ಕು.' ನನ್ನ ಕ್ಯಾಮೆರಾ ಫೋಟೋಗಳಿಗೆ ತಾನಾಗಿ ಕೊಟ್ಟ ನಂಬರುಗಳು ಅವು. ಚಿತ್ರದ ಜೊತೆಗೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆದಿಡಲು ಜಾಗ ಇರುತ್ತದೆ. ಕಾಣುವವರಿಗೆ ಅದು ಕಾಣುವುದಿಲ್ಲ, ಕೇಳುವವರಿಗೆ ಕೇಳುತ್ತದೆ. ನಾನು ಅಷ್ಟೂ ಗಿಡಗಳಿಗೆ ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

"ತಪ್ಪಾಯ್ತು ಮಾಷ್ಟ್ರೆ. ಈಗಲೇ ಬರೀತೇನೆ," ಎಂದು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಪುನರ್ಪುಳಿಗೆ ಬರೆದೆ: ಕಡು ಹಸಿರು ಎಲೆಗಳ ನಡುವೆ ಕೆಂಪು ಹಣ್ಣುಗಳು. ಓದಿ ಹೇಳಿದೆ.

ಮಾಷ್ಟ್ರು ಫೋನನ್ನು ಬದಿಗಿಟ್ಟರು. "ಕೆಂಪು ನನಗೆ ನೆನಪುಂಟು. ಆದರೆ ಹುಟ್ಟಿದಾಗಿನಿಂದ ಕಾಣದವರಿಗೆ ಅದರಿಂದ ಏನು ಸಿಕ್ಕಿತು? ಎಲೆ ದಪ್ಪವೋ, ತೆಳ್ಳಗೋ? ಮುರಿದರೆ ವಾಸನೆ ಹೇಗುಂಟು? ಕಸಿ ಕಟ್ಟಿದ ಗಂಟು ಎಷ್ಟು ಎತ್ತರದಲ್ಲಿ ಉಂಟು? ಇದನ್ನು ಹೇಳಿದರೆ ಗಿಡ ನನ್ನ ಮುಂದೆ ಬರ್ತದೆ."

ಯಾವ ಎಲೆಯನ್ನೂ ನಾನು ಮುಟ್ಟಿ ನೋಡಿರಲಿಲ್ಲ, ಫೋಟೋ ಮಾತ್ರ ತೆಗೆದಿದ್ದೆ. ಉತ್ತರವಿದ್ದದ್ದು ಅಕ್ಕನಲ್ಲಿ. ಅಲ್ಲಿಂದಲೇ ಅವರಿಗೆ ಫೋನ್ ಹಚ್ಚಿ ಇಬ್ಬರನ್ನೂ ಮಾತಾಡಲು ಬಿಟ್ಟೆ. ಮಾಷ್ಟ್ರು ಕೇಳುವುದು, ಅಕ್ಕ ಗಿಡದ ಹತ್ತಿರ ಹೋಗಿ ಮುಟ್ಟಿ ಹೇಳುವುದು, ನಾನು ಟೈಪ್ ಮಾಡುವುದು. ಅಕ್ಕನ ಮಾತು ನಡುನಡುವೆ ಕಡಿಯುತ್ತಿತ್ತು. "ಎಂತ? ಕೇಳುದಿಲ್ಲ," ಎಂದು ಮಾಷ್ಟ್ರು, "ಟ್ಯಾಂಕಿನ ಹತ್ತಿರ ಬರ್ತೇನೆ, ನಿಲ್ಲಿ," ಎಂದು ಅಕ್ಕ. ಕಾಟುಮಾವಿನ ಎಲೆಯನ್ನು ಹೊಸಕಿ, "ಹಣ್ಣಿನದ್ದೇ ವಾಸನೆ, ಆದ್ರೆ ಸ್ವಲ್ಪ ಖಾರ," ಎಂದರು. ಜೀಗುಜ್ಜೆಗೆ, "ಬೆರಳು ಬಿಡಿಸಿದ ದೊಡ್ಡ ಕೈಯ ಹಾಗೆ ಎಲೆ, ಮುಖ ಮುಚ್ಚುವಷ್ಟು." ಹಲಸಿನದ್ದು ಬಂದಾಗ ಅವರಿಗೇ ಆಶ್ಚರ್ಯ: "ಇಷ್ಟು ವರ್ಷ ಕಸಿ ಕಟ್ಟಿದ್ದೇನೆ, ಎಲೆಯ ಅಡಿಭಾಗ ಇಷ್ಟು ದೊರಗು ಅಂತ ಇವತ್ತೇ ಗಮನಿಸಿದ್ದು."

ಮಾಷ್ಟ್ರ ಮನೆಯವರು ಅವಲಕ್ಕಿ, ಕಾಫಿ ತಂದಿಟ್ಟಿದ್ದರು. ಕಾಫಿ ಆರಿಹೋಯಿತು. ಹನ್ನೊಂದು ಗಿಡ ಮುಗಿಯುವಾಗ ಊಟದ ಹೊತ್ತಾಗಿತ್ತು. ಉಳಿದವನ್ನು ಆ ವಾರವಿಡೀ ಫೋನಿನಲ್ಲೇ ಮಾಡಿದೆವು. ದಿನಾ ಬೆಳಿಗ್ಗೆ ಹತ್ತಕ್ಕೆ ಮಾಷ್ಟ್ರು ತಾವಾಗಿಯೇ ಕರೆ ಮಾಡಿ, "ಇವತ್ತು ಯಾವ ಗಿಡ?" ಎಂದು ಕೇಳುತ್ತಿದ್ದರು. ಆ ಕರೆಗೆ ನಾನು ಒಂಬತ್ತೂವರೆಗೇ ತಯಾರಾಗಿ ಕೂರುತ್ತಿದ್ದೆ. ಪ್ರೆಸ್ಸಿನಲ್ಲಿದ್ದಾಗ ಯಾವ ಕೆಲಸಕ್ಕೂ ಹಾಗೆ ಕಾದದ್ದು ನನಗೆ ನೆನಪಿಲ್ಲ.

ಎಲ್ಲ ಮುಗಿದ ಮೇಲೆ ಮಾಷ್ಟ್ರು ಕಾರು ಮಾಡಿಕೊಂಡು ವೇಣೂರಿನ ದಾರಿಯಾಗಿ ಕಕ್ಕಿಂಜೆಗೆ ಹೊರಟರು. ನನ್ನನ್ನೂ ಬರಹೇಳಿದ್ದರು. ನಾನು ಬಸ್ಸಿಳಿದು ಅಲ್ಲಿಗೆ ತಲುಪುವಾಗ ಅವರಿಬ್ಬರೂ ಆಗಲೇ ಗಿಡಗಳ ನಡುವೆ ನಿಂತಿದ್ದರು. ಮಾಷ್ಟ್ರು ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟ ಸಸಿಯ ಬುಡದಿಂದ ಬೆರಳು ಮೇಲಕ್ಕೆ ತಂದು ಕಸಿಯ ಗಂಟಿನ ಮೇಲೆ ನಿಲ್ಲಿಸಿ, ಸರಿಯಾಗಿ ಕೂಡಿದೆಯೇ ಎಂದು ನೋಡುತ್ತಿದ್ದರು. ಮೂರು ಗಿಡ ಆರಿಸಿದರು. ನಾಲ್ಕನೆಯದು ಪುನರ್ಪುಳಿ. ಎಲೆಯನ್ನು ಎರಡು ಬೆರಳ ನಡುವೆ ಹಿಡಿದು ತಡೆದರು.

"ಇದಕ್ಕೆ ನೀವು 'ತೆಳುವಾದ ನುಣುಪು ಎಲೆ' ಅಂತ ಬರೆಸಿದ್ದೀರಿ. ಇದು ತೆಳು ಅಲ್ಲ."

"ಚಿಗುರು ತೆಳುವೇ ಅಲ್ವಾ," ಎಂದರು ಅಕ್ಕ.

"ಚಿಗುರು ಹೌದು. ಬಲಿತದ್ದು ತೊಗಲಿನ ಹಾಗೆ ದಪ್ಪ ಉಂಟು. ಮುಟ್ಟಿ ನೋಡಿ."

ಅಕ್ಕ ಮುಟ್ಟಿದರು. ನಾನೂ ಮುಟ್ಟಿದೆ. ಮಾಷ್ಟ್ರು ಹೇಳಿದ್ದೇ ಸರಿ.

"ತಿದ್ದುವ," ಎಂದೆ. ನನ್ನ ಫೋನಿನಲ್ಲಿ ಸಿಗ್ನಲ್ ಎರಡು ಕಡ್ಡಿ ಇತ್ತು. ಗಿಡಗಳ ಮಧ್ಯೆ ಕೂತು, ಅದರಲ್ಲೇ ಆ ಸಾಲನ್ನು ಬದಲಿಸಿ ಕಳಿಸಿದೆ. ಮಾಷ್ಟ್ರು ತಮ್ಮ ಫೋನನ್ನು ಕಿವಿಯ ಹತ್ತಿರ ಹಿಡಿದು ಪುಟವನ್ನು ಮತ್ತೆ ತೆರೆದರು. ಅರ್ಧ ನಿಮಿಷ ಏನೂ ಇಲ್ಲ. ಮತ್ತೆ ಆ ಫೋನಿನ ಹೆಣ್ಣು ದನಿ, ನಮ್ಮಿಬ್ಬರಿಗೂ ತಿಳಿಯಲೆಂದು ಅವರು ನಿಧಾನ ಮಾಡಿದ ದನಿ, ಹೇಳಿತು: 'ಪುನರ್ಪುಳಿ. ಚಿಗುರೆಲೆ ತೆಳು, ಬಲಿತ ಎಲೆ ತೊಗಲಿನಂತೆ ದಪ್ಪ, ಅಗಿದರೆ ಹುಳಿ.'

"ಈಗ ಸರಿಯಾಯ್ತು," ಎಂದರು ಮಾಷ್ಟ್ರು. ಎಲೆಯ ತುದಿ ಚಿವುಟಿ ಬಾಯಿಗೆ ಹಾಕಿಕೊಂಡು, ಅದು ಹುಳಿ ಹೌದೇ ಎಂದೂ ನೋಡಿದರು. ಮತ್ತೆ ಅಕ್ಕನ ಕಡೆಗೆ ತಿರುಗಿ, ಆ ಮುಖ ಮುಚ್ಚುವಷ್ಟು ದೊಡ್ಡ ಎಲೆಯ ಜೀಗುಜ್ಜೆ ಎಲ್ಲಿದೆ, ಅಲ್ಲಿಗೆ ಹೋಗುವ ಎಂದರು.