ಎರಡನೆಯ ಹಾಳೆ

ಕಳೆದ ವಾರ ಮನೆ ಮುಂದೆ ಮೀನಿನವನು ಥರ್ಮಾಕೋಲ್ ಬಾಕ್ಸಿನ ಮುಚ್ಚಳ ಎತ್ತಿದ. ಕಿರ್ರ್ ಎಂಬ ಆ ಶಬ್ದ... ಹಲ್ಲು ಜುಮ್ಮೆಂದಿತು. ಬೇಡಪ್ಪ ಎಂದು ಕಳಿಸಿಬಿಟ್ಟೆ. ಅಂಥದೇ ಬಿಳಿ ಬಾಕ್ಸನ್ನು ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎಷ್ಟೋ ಸಂಜೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ, ಸಿಸ್ಟರ್ ಟಿಕೆಟ್ ತರುವವರೆಗೆ. “ಬ್ಲಡ್ ಟೆಸ್ಟಿಗೆ” ಎನ್ನುತ್ತಿದ್ದಳು. ಬೆಂಗಳೂರಿನ ರೈಲಿನಲ್ಲಿ ಹೋಗುವವನೊಬ್ಬ ಬಂದು ಅದನ್ನು ತೆಗೆದುಕೊಂಡು ಹೋಗುತ್ತಿದ್ದ.

ಸಿಸ್ಟರ್ ಎಂದರೆ ಕಾನ್ವೆಂಟಿನವಳಲ್ಲ, ನರ್ಸು. ಚಿನ್ನದ ಗಣಿಯ ನಂದಿದುರ್ಗದಲ್ಲಿ, ಸಾಲುಮನೆಗಳ ನಮ್ಮ ಲೈನಿನಲ್ಲೇ ಗೋಡೆಗೆ ಗೋಡೆ ಅಂಟಿದ ಮನೆ. ನನಗಿಂತ ಹತ್ತು ವರ್ಷ ಚಿಕ್ಕವಳು. ಬಂಗಾರಪೇಟೆಯ ಒಂದು ಸಣ್ಣ ನರ್ಸಿಂಗ್ ಹೋಮಿನ ಹೆರಿಗೆ ವಾರ್ಡು ಅವಳ ಕೈಯಲ್ಲಿತ್ತು. ನಾನು ಸ್ಕೂಲಿನಿಂದ ರಿಟೈರ್ ಆದ ವರ್ಷ ಅವಳೇ ಎಳೆದುಕೊಂಡು ಹೋದಳು. “ಟೀಚರ್, ನಮ್ಮ ಫಾರಂ ಎಲ್ಲಾ ಇಂಗ್ಲಿಷು. ಬರೋರಿಗೆ ಕನ್ನಡ, ತೆಲುಗು, ತಮಿಳು. ನಿಮ್ಮ ಬಾಯಲ್ಲಿ ಎಲ್ಲಾ ಇದೆ. ಬನ್ನಿ, ಪುಣ್ಯ ಬರುತ್ತೆ, ಟೀ ಫ್ರೀ.”

ಹೋದೆ. ನಾನು ಓದಿ ಹೇಳಿದರೆ ಹೆಂಗಸರು ತಲೆಯಾಡಿಸಿ ಸೈನ್ ಹಾಕುತ್ತಿದ್ದರು. ಸ್ವಲ್ಪ ಜಂಬವೂ ಇತ್ತು ನನಗೆ. ಫಾರಂ ಎರಡು ಹಾಳೆಯದು. ಮೊದಲನೆಯದರಲ್ಲಿ ಆಪರೇಷನ್, ರಕ್ತ ಕೊಡುವುದು ಇತ್ಯಾದಿ. ಎರಡನೆಯದನ್ನು ಸಿಸ್ಟರ್ ತಾನೇ ತಿರುವಿ, ಸೈನ್ ಮಾಡುವ ಜಾಗಕ್ಕೆ ಬೆರಳಿಡುತ್ತಿದ್ದಳು. “ಅದು ಆಫೀಸ್ ಕಾಪಿ ಟೀಚರ್.” ಫ್ರೆಂಡ್ ಹೇಳಿದ್ದನ್ನು ಕನ್ನಡಕ ಹಾಕಿಕೊಂಡು ಚೆಕ್ ಮಾಡುವುದು ಬ್ಯಾಡ್ ಮ್ಯಾನರ್ಸ್ ಎಂದುಕೊಂಡಿದ್ದೆ.

ನಮ್ಮ ಲೈನಿಗೆ ಹಾಲು ಹಾಕುವ ಹಾಲಿನಮ್ಮನ ಮಗಳು ಬೂದಿಕೋಟೆಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಹಾಲಿನಮ್ಮ ಹೊಸ ಕುಡಿಕೆ, ಅರಿಶಿನ, ಬೇವಿನ ಸೊಪ್ಪು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಳು. “ಟೀಚರಮ್ಮಾ, ಮಗೀನ ಜತೆ ಬೀಳೋ ಮಾಸು ನಮ್ಗೇ ಕೊಡ್ಬೇಕಂತ ಒಂದ್ ಮಾತ್ ಏಳ್ರಮ್ಮಾ. ಬಚ್ಚಲ್ ತಾವ ಊಳ್ಬೇಕು. ಮಗೀಗೆ ಒಳ್ಳೇದಾಗ್ಬೇಕಲ್ಲ.”

ಸಿಸ್ಟರ್ ನಕ್ಕಳು. “ತಗೊಂಡ್ ಹೋಗು ತಾಯಿ, ನಾನೇನ್ ಅದನ್ನ ಸಾರ್ ಮಾಡ್ತೀನಾ?” ಕುಡಿಕೆಯನ್ನು ಒಳಗೆ ಒಯ್ದು, ಅದರ ಬಾಯಿಗೆ ಬಟ್ಟೆ ಕಟ್ಟಿ ತಂದುಕೊಟ್ಟಳು. ಹಾಲಿನಮ್ಮ ಅದನ್ನು ಮಗುವಿನಷ್ಟೇ ಜೋಪಾನವಾಗಿ ಎದೆಗೊತ್ತಿಕೊಂಡು ಹೋದಳು. ಹೂಳಿದ ಜಾಗದಲ್ಲಿ ಮೂರು ದಿನ ದೀಪ ಇಟ್ಟಳಂತೆ.

ಆಮೇಲೆ ಒಂದು ದಿನ ಸಿಸ್ಟರ್ ಲೇಬರ್ ರೂಮಿನಲ್ಲಿದ್ದಳು. ಟೇಬಲ್ ಮೇಲೆ ಹಳೆಯ ಫಾರಂಗಳ ಕಟ್ಟು. ಸುಮ್ಮನೆ, ಹೊತ್ತು ಹೋಗದೆ, ಎರಡನೆಯ ಹಾಳೆ ತಿರುವಿದೆ. ಹೊಕ್ಕುಳಬಳ್ಳಿ ಮತ್ತು ಮಾಸನ್ನು ಸ್ಟೆಮ್ ಸೆಲ್ ರಿಸರ್ಚಿಗೆ ಪೂರ್ತಿ ತಿಳಿದು, ಸ್ವಂತ ಇಷ್ಟದಿಂದ ಕೊಡುತ್ತಿದ್ದೇನೆ, ಎಂದಿತ್ತು. ಕೆಳಗೆ, ‘ತಾಯಿಯ ಭಾಷೆಯಲ್ಲಿ ವಿವರಿಸಿದವರು’ ಎಂಬಲ್ಲಿ, ನನ್ನ ಹೆಸರು. ಸಿಸ್ಟರಿನ ಮುದ್ದಾದ ಕೈಬರಹ. ಹಾಳೆ ಹಾಳೆಯಲ್ಲೂ. ಬ್ಲಡ್ ಟೆಸ್ಟಿನ ಆ ಬಿಳಿ ಬಾಕ್ಸು ನೆನಪಾಯಿತು.

ಅವಳು ಕೈ ಒರೆಸಿಕೊಂಡು ಬಂದಾಗ ಹಾಳೆಯನ್ನು ಮುಂದೆ ಹಿಡಿದೆ. ಸುಳ್ಳು ಹೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ಹೆಂಗೂ ಡಸ್ಟ್‌ಬಿನ್ನಿಗೆ ಹೋಗೋದು ಟೀಚರ್. ಅದ್ರಿಂದ ನಾಳೆ ಯಾರಿಗೋ ಕಣ್ಣು ಬರುತ್ತೆ, ಯಾರಿಗೋ ಎದೆ ಸರಿಹೋಗುತ್ತೆ. ನಿಮ್ಮಪ್ಪ ಮೈನ್ಸ್ ಧೂಳು ಕುಡಿದು ಹೆಂಗೆ ಹೋದ್ರು, ಮರ್ತ್ರಾ? ಸ್ಟೆಮ್ ಸೆಲ್ ಅಂದ್ರೆ ಏನೂಂತ ಹಾಲಿನಮ್ಮನಿಗೆ ಯಾವ ಭಾಷೇಲಿ ಹೇಳ್ತಿದ್ರಿ?”

ಅಪ್ಪ ಕೆಮ್ಮುತ್ತಾ ಗೋಡೆ ಹಿಡಿದು ನಿಲ್ಲುತ್ತಿದ್ದುದು ನೆನಪಾಯಿತು. ಇಂದಿಗೂ ನಾನು ಆ ರಿಸರ್ಚಿಗೆ ವಿರೋಧಿಯಲ್ಲ. ಆದರೆ ಅಪ್ಪನ ಹೆಸರನ್ನು ಅವಳು ಅಲ್ಲಿಗೆ ತರಬಾರದಿತ್ತು...

“ಆ ಕುಡಿಕೆಯಲ್ಲಿ ಏನಿತ್ತು?” ಎಂದೆ.

ಫಾರಂಗಳ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. “ಹತ್ತಿ. ರಕ್ತದಲ್ಲಿ ಅದ್ದಿದ ಹತ್ತಿ. ಅವಳ ಸಮಾಧಾನಕ್ಕೆ.”

ಆವತ್ತು ಅವಳನ್ನು ಬಿಟ್ಟು ಒಬ್ಬಳೇ ರೈಲು ಹತ್ತಿದೆ. ಮತ್ತೆ ಆ ನರ್ಸಿಂಗ್ ಹೋಮಿಗೆ ಹೋಗಲಿಲ್ಲ.

ಹಾಲಿನಮ್ಮನಿಗೆ ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ಹೇಳಿದಾಗ ಅವಳು ಅಳತೆಯ ಲೋಟವನ್ನು ಕ್ಯಾನಿನ ಮೇಲಿಟ್ಟಳು. “ಕೇಳಿದ್ದಿದ್ರೆ ಕೊಡ್ತಿದ್ನಲ್ಲಾ ಟೀಚರಮ್ಮಾ. ಯಾರ್ಗೋ ಕಣ್ಣು ಬತ್ತದೆ ಅಂದ್ರೆ ಬ್ಯಾಡ ಅಂತಿದ್ನಾ? ನಮ್ಗೂ ಚೂರು ಬುಡ್ರಿ ಅಂತಿದ್ದೆ, ಅಷ್ಟೇ.” ಮತ್ತೆ ತಲೆಯೆತ್ತಿ, “ನೀವೂ ಅಲ್ಲೇ ಇದ್ರಲ್ಲಮ್ಮಾ?” ಎಂದಳು. ಎಂದಿನಂತೆ ಹಾಲು ಅಳೆದು ಹೋದಳು.

ಅವಳ ಈ ಮಾತನ್ನು ಸಿಸ್ಟರಿಗೆ ಮುಟ್ಟಿಸಬೇಕೆಂದು ಎಷ್ಟು ಸಲ ಎದ್ದೆನೋ. ಒಂದು ಗೋಡೆ ಆಚೆ ಇದ್ದಳು. ಸಾಸಿವೆ ಸಿಡಿದರೆ ಕೇಳುತ್ತಿತ್ತು. ನನ್ನ ಸಿಟ್ಟು ಬಿಡಲಿಲ್ಲ. ಅವಳು ತಮ್ಮನ ಮನೆಗೆಂದು ವೆಲ್ಲೂರಿಗೆ ಹೋದಳು. ಈ ವರ್ಷ ಈಸ್ಟರಿಗೆ ಮೊದಲು ತೀರಿಕೊಂಡಳೆಂದು ಫೋನ್ ಬಂತು. ಮಣ್ಣಿಗೆ ಹೋಗಲಿಲ್ಲ. ಆಮೇಲೆ ಅತ್ತೆ, ಯಾಕೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಹಾಲಿನಮ್ಮ ಈಗಲೂ ಬರುತ್ತಾಳೆ. ಒಂದು ಕಾಲಕ್ಕೆ ಬ್ಯಾಂಕಿನ ಕಾಗದ, ಪೆನ್ಷನ್ನಿನ ಕಾಗದ ಎಲ್ಲ ನನ್ನ ಹತ್ತಿರವೇ ಓದಿಸುತ್ತಿದ್ದಳು. ನಿನ್ನೆ ಅವಳ ಸೊಂಟದಲ್ಲಿ ಮಡಿಸಿದ ಇಂಗ್ಲಿಷ್ ಕಾಗದವೊಂದು ಸಿಕ್ಕಿಕೊಂಡಿತ್ತು. ಅಭ್ಯಾಸಬಲ, ಕೈ ಚಾಚಿದೆ.

“ನಿಮ್ಗ್ಯಾಕ್ ತೊಂದ್ರೆ ಬುಡಮ್ಮಾ, ರೇಷನ್ ಅಂಗ್ಡೀಲಿ ಓದಿಸ್ಕಂತೀನಿ.”

ಚಾಚಿದ ಕೈಯನ್ನು, ಅದಕ್ಕೇ ಚಾಚಿದ್ದೆನೇನೋ ಎಂಬಂತೆ, ಹಾಲಿನ ಪಾತ್ರೆಯ ಕಡೆ ತಿರುಗಿಸಿದೆ.