ಎರಡು ಹಟ್ಟಿ, ಒಂದು ಸಾಲು

ಮಧುಗಿರಿಯ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಅದಕ್ಕೂ ಮೊದಲು ಹನ್ನೆರಡು ವರ್ಷ ನಾನು ಅಲ್ಲೇ ಬೆರಳಚ್ಚುಗಾರ್ತಿಯಾಗಿದ್ದೆ. ಕುಡಿಯುವ ನೀರಿನ ಬೋರ್‌ವೆಲ್‌ಗಳನ್ನು ನೋಡಿಕೊಳ್ಳುವ ಕಚೇರಿ ಅದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ನಮ್ಮ ಪಾಲಿಗೆ. ಹತ್ತಕ್ಕೆ ಐದು ನಿಮಿಷ ಇರುವಾಗ ನಾನು ಬಾಗಿಲಲ್ಲಿ ಇರುತ್ತಿದ್ದೆ. ಮೊದಲು ಯಂತ್ರದ ಧೂಳು ಒರೆಸುವುದು, ಆಮೇಲೆ ಹಿಂದಿನ ದಿನದ ಕಾಗದ ಎಣಿಸುವುದು, ಆಮೇಲೆ ಇವತ್ತಿನ ಕೆಲಸ. ಈ ಕ್ರಮ ತಪ್ಪುತ್ತಿರಲಿಲ್ಲ.

ಕ್ರಮ ಕಲಿಸಿದವರು ಅಬ್ಬಾ, ನನ್ನ ತಂದೆ. ಶಿರಾದಲ್ಲಿ ಅವರದು ಗಡಿಯಾರ ರಿಪೇರಿ ಅಂಗಡಿ. ಗಡಿಯಾರ ಬಿಚ್ಚುವಾಗ ಒಂದೊಂದು ತಿರುಪನ್ನೂ ಎಣಿಸಿ ಬಿಳಿ ತಟ್ಟೆಯಲ್ಲಿ ಇಡುತ್ತಿದ್ದರು. ಜೋಡಿಸಿದ ಮೇಲೆ ತಟ್ಟೆ ಖಾಲಿಯಾಗಿದ್ದರೂ ಬರೆದಿಟ್ಟ ಎಣಿಕೆಯನ್ನು ಮತ್ತೆ ನೋಡುತ್ತಿದ್ದರು. "ಗಿನ್ ಕೋ ಖೋಲ್, ಗಿನ್ ಕೋ ಬಂದ್ ಕರ್," ಎನ್ನುತ್ತಿದ್ದರು. ಎಣಿಸಿ ಬಿಚ್ಚು, ಎಣಿಸಿ ಮುಚ್ಚು. ಎಪ್ಪತ್ತರ ದಶಕದಲ್ಲಿ ಟೈಪಿಂಗ್ ಕಲಿಯುತ್ತಿದ್ದಾಗಲೂ ಅದನ್ನೇ ಮಾಡುತ್ತಿದ್ದೆ. ಮೂಲದಲ್ಲಿ ಎಷ್ಟು ಸಾಲು, ಪ್ರತಿಯಲ್ಲಿ ಎಷ್ಟು ಸಾಲು ಎಂದು ಎಣಿಸದೆ ಹಾಳೆ ಕೊಡುತ್ತಿರಲಿಲ್ಲ.

ಒಂದು ಗುರುವಾರ ಎಣಿಸದೆ ಕೊಟ್ಟೆ.

ಆ ವರ್ಷ ನಾಲ್ಕೂ ತಾಲ್ಲೂಕಿನ ಬೋರ್‌ವೆಲ್ ನೀರನ್ನು ಬಾಟಲಿಗಳಲ್ಲಿ ತರಿಸಿ ಪರೀಕ್ಷೆ ಮಾಡಿಸುತ್ತಿದ್ದೆವು. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಲ್ಲೂ ಪಾವಗಡದ ಕಡೆ. ಅಂಥ ನೀರು ನೋಡಲು ತಿಳಿ, ಕುಡಿಯಲು ರುಚಿ. ಆದರೆ ಮಕ್ಕಳ ಹಲ್ಲಿಗೆ ಕಂದು ಗೆರೆ ಕಟ್ಟುತ್ತದೆ, ಮೂವತ್ತು ದಾಟಿದವರು ಕೂತರೆ ಏಳಲಾರರು. ಎಲ್ಲ ಬೋರ್‌ವೆಲ್‌ಗಳ ಪಟ್ಟಿ ತಯಾರಾದ ಕೂಡಲೇ ಫಿಟ್ಟರ್ ಹೋಗಿ, ಮಿತಿ ಮೀರಿದ ಕಡೆ ಕೈಪಂಪಿನ ಹಿಡಿ ಬಿಚ್ಚಿ ತರಬೇಕು, ಪಂಪಿನ ತಲೆಗೆ ಕೆಂಪು ಬಣ್ಣ ಬಳಿಯಬೇಕು. ಆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡುವ ಕೆಲಸ ನನ್ನದು. ಆರು ವಾರದ ತರಬೇತಿ ಮುಗಿಸಿ ಬಂದಿದ್ದೆ, ಪ್ರೋಗ್ರಾಮನ್ನು ನಾನೇ ಬರೆದಿದ್ದೆ.

ಬಾಟಲಿಯ ಕತ್ತಿಗೆ ಒಂದು ಚೀಟಿ ಕಟ್ಟಿ ಕಳಿಸುತ್ತಿದ್ದರು. ಪರೀಕ್ಷೆಯ ಅಂಕಿ ಬರೆಸಿಕೊಂಡು ಅದೇ ಚೀಟಿ ನನ್ನ ಮೇಜಿಗೆ ಬರುತ್ತಿತ್ತು. ಮೊದಲು ಊರಿನ ಹೆಸರು, ಒಂದು ಅಲ್ಪವಿರಾಮ, ಆಮೇಲೆ ಜಾಗದ ಗುರುತು. ಗುರುತು ಬರೆಯುವುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. "ಹುಣಸೇಮರದ ಬುಡ" ಎಂದು ಒಬ್ಬರು, "ಸ್ಕೂಲಿನಿಂದ ಕೂಗಳತೆ" ಎಂದು ಇನ್ನೊಬ್ಬರು, ತೋವಿನಕೆರೆ ಕಡೆಯಿಂದ ಬಂದ ಒಂದರಲ್ಲಿ "ಎಲ್ಲರಿಗೂ ಗೊತ್ತು" ಎಂದಿತ್ತು. ಇದನ್ನೆಲ್ಲ ಯಂತ್ರಕ್ಕೆ ಹೇಗೆ ತಿಳಿಸುವುದು? ಬಹುಪಾಲು ಊರಿಗೆ ಒಂದೇ ಪಂಪು, ಅಲ್ಪವಿರಾಮದವರೆಗಿನ ಊರಿನ ಹೆಸರು ಸಾಕು, ಉಳಿದದ್ದು ಬೇಡ ಎಂದು ಬರೆದೆ. ಒಂದು ತಾಲ್ಲೂಕಿನಲ್ಲಿ ಅದೇ ಹೆಸರು ಎರಡನೇ ಸಲ ಬಂದರೆ ಮಾತ್ರ ಯಂತ್ರ ಕೀಂ ಎಂದು ನಿಂತು, ಯಾವುದನ್ನು ಇಟ್ಟುಕೊಳ್ಳಲಿ ಎಂದು ನನ್ನನ್ನು ಕೇಳಬೇಕು.

ಆ ಗುರುವಾರ ಅದು ಮತ್ತೆ ಮತ್ತೆ ನಿಂತಿತು. ಚೀಟಿ ತೆಗೆದು ನೋಡಿದರೆ ಒಂದೇ ಪಂಪಿನ ನೀರನ್ನು ಎರಡನೇ ಸಲ ಕಳಿಸಿದ್ದರು. ಹೊಸದನ್ನು ಇಟ್ಟುಕೋ ಎಂದು ಒತ್ತುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು, ಮೊದಲಿನಿಂದ ಶುರು. ಮತ್ತೆ ಹೋಯಿತು. ನಮ್ಮ ಎಂಜಿನಿಯರ್ ಸಾಹೇಬರು ಬಾಗಿಲಲ್ಲಿ ನಿಂತು, "ಎರಡು ಗಂಟೆ ಜೀಪಿಗೆ ಲಿಸ್ಟ್ ಹೋಗ್ಬೇಕಮ್ಮ. ಮಿಷನ್ ಇಟ್ಕೊಂಡೂ ಇಷ್ಟು ತಡ ಆದ್ರೆ ಹೆಂಗೆ?" ಎಂದರು. ನಾನು ಒಂದು ಸಾಲು ಸೇರಿಸಿದೆ: ಇದ್ದ ಹೆಸರೇ ಬಂದರೆ ನಿಲ್ಲಬೇಡ, ಹೊಸದನ್ನು ಇಟ್ಟುಕೊಂಡು ಮುಂದಕ್ಕೆ ಹೋಗು. ಹತ್ತು ನಿಮಿಷದಲ್ಲಿ ಪ್ರಿಂಟರ್ ಕಿರ್ರೆನ್ನುತ್ತಾ ಪಟ್ಟಿ ಕೊಟ್ಟಿತು. ಒಂದು ಗೀಟೂ ವಕ್ರ ಇರಲಿಲ್ಲ. ಸಾಹೇಬರು ಖುಷಿಯಾದರು.

ಶುಕ್ರವಾರ ಹತ್ತು ಗಂಟೆಗೆ ಚೀಟಿಗಳನ್ನು ದಾರಕ್ಕೆ ಪೋಣಿಸುತ್ತಾ ಎಣಿಸಿದೆ. ಪಟ್ಟಿಯ ಸಾಲು ಎಣಿಸಿದೆ. ಎರಡನೇ ಸಲ ಪರೀಕ್ಷೆಯಾದವುಗಳನ್ನು ಕಳೆದೆ. ಐದು ಚೀಟಿ ಉಳಿದವು. ತಪ್ಪಾಗಿ ಎಣಿಸಿದೆನೆಂದು ಮತ್ತೆ ಎಣಿಸಿದೆ. ಮತ್ತೆ ಐದು. ಅಂಗೈ ಬೆವೆತು ಚೀಟಿಯ ಶಾಯಿ ಬೆರಳಿಗೆ ಹತ್ತಿತು.

ಐದನ್ನೂ ಹುಡುಕಿ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಐದರ ಮೇಲೂ ಒಂದೇ ಹೆಸರು: ಗೊಲ್ಲರಹಟ್ಟಿ.

ನಮ್ಮ ಸೀಮೆಯಲ್ಲಿ ಓಡಾಡಿದವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಕುರಿ ಸಾಕುವ ಗೊಲ್ಲರು ಊರಿನಿಂದ ದೂರದಲ್ಲಿ ಬೇಲಿ ಕಟ್ಟಿಕೊಂಡು ಇರುವ ಕಡೆಗೆಲ್ಲ ಗೊಲ್ಲರಹಟ್ಟಿ ಎಂದೇ ಹೆಸರು. ಒಂದೊಂದು ತಾಲ್ಲೂಕಿನಲ್ಲೂ ಎಷ್ಟೋ ಇವೆ. ಯಾವ ಹಟ್ಟಿ ಎಂಬ ಗುರುತು ಅಲ್ಪವಿರಾಮದ ಆಚೆ ಇತ್ತು, ಅದನ್ನು ನಾನೇ ಕತ್ತರಿಸಿ ಎಸೆದಿದ್ದೆ. ಯಂತ್ರ ನಿಂತು ಕೇಳುತ್ತಿತ್ತು, ಅದರ ಬಾಯಿಯನ್ನೂ ನಾನೇ ಮುಚ್ಚಿದ್ದೆ. ಇಷ್ಟು ವರ್ಷ ಈ ರಸ್ತೆಗಳಲ್ಲಿ ಬಸ್ಸಿನಲ್ಲಿ ಓಡಾಡಿದವಳಿಗೆ ಇದು ಹೊಳೆಯಲಿಲ್ಲ.

ಕೊರಟಗೆರೆ, ಶಿರಾ, ಮಧುಗಿರಿಯ ನಾಲ್ಕು ಚೀಟಿಗಳಿಂದ ಕೇಡಿಲ್ಲ. ಕಳೆದುಹೋದದ್ದೂ ಒಳ್ಳೆಯ ನೀರು, ಉಳಿದದ್ದೂ ಒಳ್ಳೆಯ ನೀರು. ಐದನೆಯದು ಪಾವಗಡದ್ದು, ಅಲ್ಲಿನ ಎರಡು ಹಟ್ಟಿಗಳು ಹಾಗಲ್ಲ. ಹುಣಸೇಮರದ ಬುಡದ ಪಂಪು ಒಳ್ಳೆಯದು. ಗುಂಡುಕಲ್ಲಿನ ಪಕ್ಕದ್ದು ಮಿತಿಯ ಮೂರು ಪಟ್ಟು. ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು: ಗೊಲ್ಲರಹಟ್ಟಿ, ಮಿತಿ ಮೀರಿದೆ. ಫಿಟ್ಟರ್ ಯಾವ ಹಟ್ಟಿಗೆ ಹೋಗುತ್ತಾನೆ? ರಸ್ತೆಗೆ ಹತ್ತಿರ ಇರುವುದಕ್ಕೆ. ರಸ್ತೆಗೆ ಹತ್ತಿರ ಇರುವುದು ಹುಣಸೇಮರದ್ದು. ಒಳ್ಳೆಯ ನೀರು ನಿಲ್ಲುತ್ತದೆ, ಕೆಟ್ಟದ್ದನ್ನು ಜನ ಕುಡಿಯುತ್ತಲೇ ಇರುತ್ತಾರೆ, ಅದೂ ಪರೀಕ್ಷೆಯಾಗಿದೆ ಎಂಬ ಧೈರ್ಯದಲ್ಲಿ.

ಸಾಹೇಬರು ಮೀಟಿಂಗಿಗೆಂದು ತುಮಕೂರಿಗೆ ಹೋಗಿದ್ದರು. ಪಾವಗಡಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಮುಕ್ಕಾಲು ಗಂಟೆಯ ಮೇಲೆ ಸಿಕ್ಕಿತು. ಅಲ್ಲಿನ ಜವಾನ, "ಫಿಟ್ಟರ್ ಎಂಟಕ್ಕೇ ಸ್ಪಾನರ್ ತಗಂಡು ಸೈಕಲ್ನಾಗೆ ವೋದ್ನಲ್ಲ ಮೇಡಮ್ಮೋರೇ, ವಳ್ಳೂರ್ ಕಡೀಕೆ," ಎಂದ. ಎರಡೂ ಹಟ್ಟಿ ಇರುವುದು ಆ ಕಡೆಯೇ. ಚೀಟಿಗಳನ್ನು ಕೈಚೀಲಕ್ಕೆ ಹಾಕಿಕೊಂಡೆ. ರಜಾ ಅರ್ಜಿ ಬರೆದು ಮೇಜಿನ ಮೇಲಿಟ್ಟೆ. ಎರಡು ಖಾಲಿ ಬಾಟಲಿ ತೆಗೆದುಕೊಂಡು ಬಸ್ ಹತ್ತಿದೆ.

ಆ ಬಸ್ಸಿನಷ್ಟು ನಿಧಾನವಾದ ಬಸ್ಸನ್ನು ನಾನು ಕಂಡಿಲ್ಲ. ಕೈ ಎತ್ತಿದ ಕಡೆಯೆಲ್ಲ ನಿಂತಿತು. ಕಂಡಕ್ಟರ್ ಒಂದು ಕುರಿಗೆ ಟಿಕೆಟ್ ಕೊಡಬೇಕೋ ಬೇಡವೋ ಎಂದು ಕುರಿಯವನೊಡನೆ ಎರಡು ಊರಿನುದ್ದಕ್ಕೂ ವಾದಿಸಿದ. ನಾನು ಗಡಿಯಾರ ನೋಡುವುದು, ಚೀಟಿ ತೆಗೆದು ಓದುವುದು, ಮತ್ತೆ ಒಳಗಿಡುವುದು. ಓದಿದರೆ ಅಕ್ಷರ ಬದಲಾಗುತ್ತದೆಯೇ?

ಇಳಿದಾಗ ಒಂದೂವರೆ. ಮೊದಲು ಹುಣಸೇಮರ ಕಂಡಿತು. ಅದರ ಬುಡದಲ್ಲಿ ಕೆಂಪು ಬಣ್ಣದ ಪಂಪು, ಬಣ್ಣ ಇನ್ನೂ ಒದ್ದೆ. ಹಿಡಿ ಇರಲಿಲ್ಲ. ನೆರಳಿನಲ್ಲಿ ಫಿಟ್ಟರ್ ಬುತ್ತಿ ಬಿಚ್ಚಿ ಕುಳಿತಿದ್ದ, ಹಿಡಿ ಅವನ ಸೈಕಲ್ಲಿಗೆ ಕಟ್ಟಿತ್ತು. ಎದುರಿಗೆ ಐದಾರು ಹೆಂಗಸರು ಖಾಲಿ ಬಿಂದಿಗೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದರು. ಹಾಗೆ ನೋಡುತ್ತಿದ್ದರೆ ಯಾರಿಗೂ ಊಟ ಇಳಿಯುವುದಿಲ್ಲ, ಅವನಿಗೂ ಇಳಿಯುತ್ತಿರಲಿಲ್ಲ.

"ಇನ್ನೊಬ್ಳು ಬಂದ್ಲು ನೋಡ್ರವ್ವ," ಎಂದಳು ಅವರಲ್ಲಿ ಹಿರಿಯಳು. "ಇವ್ಳು ಏನ್ ಬಿಚ್ಕೊಂಡೋಗಾಕೆ ಬಂದವ್ಳೋ."

"ಹಿಡಿ ಹಾಕಿಬಿಡಿ," ಎಂದೆ ಫಿಟ್ಟರಿಗೆ. "ಇದಲ್ಲ. ಗುಂಡುಕಲ್ಲಿನ ಹತ್ತಿರದ ಹಟ್ಟಿ."

ಅವನು ಕೈ ತೊಳೆಯದೆ ಪಟ್ಟಿ ತೆಗೆದ. "ಲಿಸ್ಟ್‌ನಾಗೆ ಗೊಲ್ಲರಹಟ್ಟಿ ಅಂತ ಐತೆ ಮೇಡಂ. ಇದೂ ಗೊಲ್ಲರಹಟ್ಟೀನೇ. ನೇನೇಮಿ ಚೇಸೇದಿ, ನಾನೇನ್ ಮಾಡ್ಲಿ? ಮಿಷನ್ ಲಿಸ್ಟು, ತಪ್ಪಿರಲ್ಲ ಅಂತ ಸಾಹೇಬ್ರೇ ಅಂದವ್ರೆ."

"ತಪ್ಪಿದೆ. ನಾನೇ ಮಾಡಿದ್ದು."

"ಅಂಗಾದ್ರೆ ಸಾಹೇಬ್ರ ಸಹಿ ತನ್ನಿ, ಹಾಕ್ತೀನಿ."

"ಬಿಚ್ಚೋಕೆ ಯಾರ ಸಹಿ ಕೇಳಿದ್ರಿ?"

"ಬಿಚ್ಚೋಕೆ ಲಿಸ್ಟ್ ಐತಲ್ಲ!"

ಹಿರಿಯ ಹೆಂಗಸು ನಕ್ಕಳು. "ಅಲ್ಲ ಕಣಮ್ಮ, ಆ ಮಿಷನ್ನು ನಮ್ಮಟ್ಟಿ ನೋಡೈತಾ? ಒಂದ್ ಸಲ ಬಂದೈತಾ ಇತ್ಲಾಗೆ?"

"ಇಲ್ಲ. ನಿಮ್ಮ ಹಟ್ಟಿಗೆ ಬೇರೆ ಹೆಸರು ಇದ್ದಿದ್ರೆ..."

"ನಮ್ಗ್ಯಾಕೆ ಬೇರೆ ಎಸ್ರು? ನಮ್ಗೆ ಗೊತ್ತಿಲ್ವಾ ನಮ್ಮಟ್ಟಿ ಯಾವ್ದು ಅಂತ?"

ಪಟ್ಟಿಯನ್ನು ಫಿಟ್ಟರಿನ ಕೈಯಿಂದ ತೆಗೆದುಕೊಂಡು ಅದರ ಹಿಂಬದಿಯಲ್ಲಿ ಬರೆದೆ: ಈ ಪಟ್ಟಿಯ ಒಂದು ಸಾಲು ತಪ್ಪು. ಹುಣಸೇಮರದ ಪಂಪಿನ ಹಿಡಿಯನ್ನು ನನ್ನ ಮಾತಿನ ಮೇಲೆ ಹಾಕಲಾಗಿದೆ. ಹೆಸರು, ಹುದ್ದೆ, ಗಂಟೆ ಬರೆದು ಸಹಿ ಮಾಡಿದೆ. ನನಗೆ ಅಂಥ ಅಧಿಕಾರ ಇರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಎರಡು ಸಲ ಓದಿದ. ಹೆಂಗಸರ ಕಡೆ ನೋಡಿದ. "ನಾಳೆ ನನ್ನ ಕೇಳಿದ್ರೆ ಇದೇ ತೋರಿಸ್ತೀನಿ," ಎಂದು ಜೇಬಿಗೆ ಹಾಕಿಕೊಂಡು ಸ್ಪಾನರ್ ಎತ್ತಿಕೊಂಡ. ಒದ್ದೆ ಬಣ್ಣ ಒರೆಸಿ ಅವನು ಹಿಡಿ ಹಾಕಿದ ಮೇಲೆ ನಾನು ಒಂದು ಬಾಟಲಿ ತುಂಬಿಸಿಕೊಂಡೆ.

ಎರಡನೇ ಹಟ್ಟಿ ಅಲ್ಲಿಂದ ಒಂದು ಮೈಲಿ. ಅವನು ಸೈಕಲ್ ತಳ್ಳಿಕೊಂಡು, ನಾನು ಹಿಂದೆ. ಗುಂಡುಕಲ್ಲಿನ ಪಕ್ಕದಲ್ಲಿ ಒಬ್ಬ ಹೆಂಗಸು ನೀರು ಹೊಡೆಯುತ್ತಿದ್ದಳು, ಬಿಂದಿಗೆ ಕಂಠದವರೆಗೆ ತುಂಬಿತ್ತು. ಬಿಸಿಲಲ್ಲಿ ನಡೆದು ಬಂದ ನನ್ನನ್ನು ಕಂಡು ಕೇಳದೆಯೇ ಒಂದು ಚೊಂಬು ನೀರು ಕೊಟ್ಟಳು. ಬೇಡ ಎನ್ನುವುದು ಹೇಗೆ? ಕುಡಿದೆ. ಬಹಳ ರುಚಿಯಾಗಿತ್ತು. ಚೊಂಬು ಕೊಟ್ಟ ಮೇಲೆ, ಈ ನೀರು ಕುಡಿಯಬಾರದು, ಹಿಡಿ ಬಿಚ್ಚಲು ಬಂದಿದ್ದೇವೆ ಎಂದೆ.

"ಈಗ ಗಟಗಟ ಕುಡಿದ್ಯಲ್ಲ!" ಎಂದಳು.

ಫಿಟ್ಟರ್ ಸಮಾಧಾನ ಹೇಳಲು ಹೋಗಿ, "ಬೆಳಿಗ್ಗೆ ಆ ಹಟ್ಟೀದು ಬಿಚ್ಚಿದ್ದೆ ಅಕ್ಕ, ತಪ್ಪಾಗಿತ್ತು. ನಿಮ್ದೇ ಕೆಟ್ಟಿರೋದು," ಎಂದ.

ಅವಳು ನನ್ನನ್ನು ನೆಟ್ಟಗೆ ನೋಡಿದಳು. "ಬೆಳಿಗ್ಗೆ ಅವ್ರ್ದು ಅಂದ್ರಿ, ಈಗ ನಮ್ದು ಅಂತೀರಿ. ಈ ಸಲನಾದ್ರೂ ಸರ್ಯಾಗಿ ನೋಡಿದ್ದೀಯಾ?"

ನೋಡಿದ್ದೇನೆ ಎಂದೆ. ಹೇಳುವಾಗಲೇ ಅನುಮಾನ ಬಂತು. ಚೀಟಿ ಕಟ್ಟುವಾಗಲೇ ಯಾರಾದರೂ ಬಾಟಲಿ ಬದಲಿಸಿದ್ದರೆ? ಒಂದು ಸಲ ಕಣ್ಣು ಮುಚ್ಚಿಕೊಂಡು ಹೋದ ಮೇಲೆ ಯಾವ ಚೀಟಿಯನ್ನು ನಂಬುವುದು? ಅಲ್ಲಿಯೂ ಒಂದು ಬಾಟಲಿ ತುಂಬಿಸಿಕೊಂಡೆ. ಹಿಡಿ ಬಿಚ್ಚುವವರೆಗೆ ಅವಳು ನಿಂತು ನೋಡಿದಳು. ಆಮೇಲೆ ಆ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿಕೊಂಡು ಬೇಲಿಯೊಳಗೆ ಹೋದಳು.

ಶನಿವಾರ ಸಾಹೇಬರಿಗೆ ಎಲ್ಲ ಹೇಳಿದೆ. "ಸಹಿ ಹಾಕೋಕೆ ನೀವ್ಯಾರಮ್ಮ?" ಎಂದರು. ನನ್ನ ಮೇಲೆ ಒಂದು ಮೆಮೊ ಬರೆಸಿದರು. ಕಚೇರಿಯಲ್ಲಿ ಟೈಪ್ ಮಾಡುವವಳು ನಾನೊಬ್ಬಳೇ ಆದ್ದರಿಂದ ಅದನ್ನು ನಾನೇ ಟೈಪ್ ಮಾಡಿ, ಎರಡು ಕಾರ್ಬನ್ ಪ್ರತಿ ತೆಗೆದು, ಸಾಲು ಎಣಿಸಿ, ಅವರ ಸಹಿಗೆ ಇಟ್ಟು, ನಾನೇ ತೆಗೆದುಕೊಂಡೆ. ಅವರಿಗೆ ನಗು ಬಂತು, ಆದರೆ ಸಹಿ ಮಾಡಿದರು.

ಬಾಟಲಿಗಳ ಫಲಿತಾಂಶ ಬರಲು ಐದು ದಿನ. ಆ ಐದು ದಿನದಲ್ಲಿ ಪ್ರೋಗ್ರಾಮನ್ನು ತಿದ್ದಿದೆ. ನಿಲ್ಲಬೇಡ ಎಂಬ ಸಾಲನ್ನು ಅಳಿಸಿದೆ, ಯಾವ ಊರಿನ ಹಟ್ಟಿ, ಏನು ಗುರುತು ಎಂಬುದಕ್ಕೆ ಬೇರೆ ಕಾಲಂ ಹಾಕಿದೆ. ಕೈ ಕೆಲಸ ಮಾಡುತ್ತಿತ್ತು, ತಲೆಯಲ್ಲಿ ಇದ್ದದ್ದು ಒಂದೇ: ಹಿಡಿ ಇರಬೇಕಾದ ಕಡೆ ಇದೆಯೋ ಇಲ್ಲವೋ. ಬುಧವಾರ ಟಪಾಲು ಬಿಚ್ಚಿ ಎರಡು ಅಂಕಿ ನೋಡಿದೆ. ಹುಣಸೇಮರದ್ದು ಒಳ್ಳೆಯದು. ಗುಂಡುಕಲ್ಲಿನದು ಮಿತಿಯ ಮೂರು ಪಟ್ಟು. ಚೀಟಿಗಳು ಸರಿಯಾಗಿಯೇ ಇದ್ದವು. ಅವನ್ನು ಮತ್ತೆ ದಾರಕ್ಕೆ ಪೋಣಿಸಿದೆ.

ಭಾನುವಾರ ಅದನ್ನು ಹೇಳಿಬರಲು ಹೋದೆ. ಎರಡೂ ಹಟ್ಟಿಯವರು ಹುಣಸೇಮರದ ಬುಡದಲ್ಲೇ ಸಿಕ್ಕರು. ಬಿಂದಿಗೆಗಳ ಸಾಲು ರಸ್ತೆಯವರೆಗೆ ಬಂದಿತ್ತು. ಹಿರಿಯ ಹೆಂಗಸು ನನ್ನನ್ನು ನೋಡಿದ ಕೂಡಲೇ ಕೂಗಿದಳು:

"ಬಾರಮ್ಮ ಬಾ! ನಮ್ ನೀರು ನಮ್ಗೆ ಕೊಟ್ಬುಟ್ಟೆ, ಜತೀಗೆ ಇವ್ರ್ನೂ ಕೊಟ್ಬುಟ್ಯಲ್ಲ!"

"ಅಯ್ಯೋ, ನಿನ್ ನೀರೇನು ನಿಮ್ಮಪ್ಪ ಹುಯ್ದಿದ್ನಾ?" ಎಂದಳು ನನಗೆ ಚೊಂಬು ಕೊಟ್ಟವಳು. ಒಂದು ಮೈಲಿ ನಡೆದು ಬಂದಿದ್ದಳು, ಸರದಿ ಇನ್ನೂ ದೂರ ಇತ್ತು. ನನ್ನ ಕಡೆ ತಿರುಗಿ ಕೇಳಿದಳು: "ನಮ್ಗೆ ಬೇರೆ ಬೋರಿಂಗು ಯಾವಾಗ?"

ಹೊಸ ಬೋರ್‌ವೆಲ್ ಬೇಕಾದ ಕಡೆಗಳ ಪಟ್ಟಿಯನ್ನು ಆ ವಾರವೇ ಮಾಡಬೇಕಿತ್ತು, ಅದನ್ನೂ ನಾನೇ. ಚೀಲದಿಂದ ಪುಸ್ತಕ ತೆಗೆದು, ಹಟ್ಟಿ ಯಾವ ಊರಿಗೆ ಸೇರಿದ್ದು, ಎಷ್ಟು ಮನೆ, ಎಲ್ಲಿ ಕೊರೆದರೆ ಅನುಕೂಲ ಎಂದು ಅವಳನ್ನೇ ಕೇಳಿದೆ. ಅವಳು ಒಂದೊಂದಾಗಿ ಹೇಳಿದಳು, ಬರೆದುಕೊಂಡೆ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳು ಎಂದಳು. ಓದಿದೆ. ಮನೆಗಳ ಲೆಕ್ಕದಲ್ಲಿ ಒಂದು ಕಡಿಮೆ ಬಿದ್ದಿತ್ತು, ಅವಳೇ ತಿದ್ದಿಸಿದಳು.