ಮುಂದಿನ ಸೀಟಿನ ಟವೆಲ್

ಟಿಕೆಟ್ ಮಷಿನ್ ಒತ್ತುವ ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಅವರು. ಗಬ್ಬೂರಿನ ಶಾಲೆಗೆ ಟೀಚರಾಗಿ ಸೇರಿದ ಮೊದಲ ವಾರವೆಲ್ಲ ನಾನು ನೋಡಿದ್ದು ಆ ಉಗುರನ್ನೇ. ತಲೆ ಎತ್ತಲು ನಾಚಿಕೆ. ಕಲ್ಮಲ ದಾಟುವುದರೊಳಗೆ ಒಮ್ಮೆಯಾದರೂ ವಾಂತಿಯಾಗುತ್ತಿತ್ತು.

ಮದುವೆಯಾದವಳು ವಾಂತಿ ಮಾಡಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. "ಎಷ್ಟನೇ ತಿಂಗಳ್ರೀ ಅಕ್ಕೋರ?" ಎಂದು ಹಿಂದಿನ ಸೀಟಿನ ಹೆಂಗಸರು ಕೇಳುತ್ತಿದ್ದರು. ಕಂಡಕ್ಟರೂ ಹಾಗೇ ತಿಳಿದರು. ಸೋಮವಾರ ಮಾನ್ವಿಯ ತಮ್ಮ ಮನೆಯಿಂದ ಹುಣಸೆ ಚಿಗಳಿ ತಂದು, "ನಮ್ಮಾಕಿ ಕುಟ್ಟಿ ಕೊಟ್ಟಾಳ್ರೀ, ಬಯಕಿ ಇರ್ತಾವ" ಎಂದು ಕೈಯಲ್ಲಿಟ್ಟರು. ಬೇಡವೆನ್ನಲು ಬಾಯಿ ಬರಲಿಲ್ಲ, ತಿಂದೆ. ನನ್ನ ಹೊಟ್ಟೆಗೆ ಹುಳಿ ಆಗಿಬರುವುದಿಲ್ಲ. ಅಂದು ನನಗಾಗಿ ಬಸ್ಸು ಮೂರು ಸಲ ನಿಂತಿತು.

ಇಳಿಯುವಾಗ ಹೇಳಿಬಿಟ್ಟೆ. "ನಾ ಬಸುರಿ ಅಲ್ರೀ. ಮದುವಿಯಾಗಿ ಏಳು ವರ್ಷಾತು, ಮಕ್ಕಳಿಲ್ಲ. ಇದು ಕರುಳಿನ ಕಾಯಿಲಿ, ಐಬಿಎಸ್ ಅಂತಾರ. ಎಲ್ಲಾರೂ ಕೇಳಿ ಕೇಳಿ ಸಾಕಾಗ್ಯದ. ನೌಕರಿ ಬಿಡಾಕತ್ತೀನಿ." ರಾಜೀನಾಮೆ ಪತ್ರ ಬ್ಯಾಗಿನಲ್ಲೇ ಇತ್ತು.

ಅವರು ಊದಲು ಎತ್ತಿದ್ದ ವಿಸಿಲ್ ಕೆಳಗಿಳಿಸಿದರು. "ತಪ್ಪಾತ್ರೀ ಅಕ್ಕೋರ. ನಾಳಿ ಒಂದಿನ ಬರ್ರಿ," ಎಂದರು.

ಮರುದಿನ ಮುಂದಿನ ಕಿಟಕಿ ಸೀಟಿನ ಮೇಲೆ ಅವರ ಟವೆಲ್ ಹಾಸಿತ್ತು, ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ. ಅಂದಿನಿಂದ ಟಿಕೆಟ್‌ಗಿಂತ ಮೊದಲು ವಿಚಾರಣೆ: "ಖಾಲಿ ಹೊಟ್ಟಿಲೆ ಚಾ ಕುಡದ್ರೇನು? ಡಾಕ್ಟರ್ ಹೇಳಿದಂಗ ಸ್ವಲ್ಪರ ಉಂಡ್ರಿಲ್ಲ? ನೀರು ಗುಟುಕು ಗುಟುಕು ಕುಡೀರಿ." ನಮ್ಮತ್ತೆಯೂ ಅಷ್ಟು ಕೇಳುತ್ತಿರಲಿಲ್ಲ. ಯಾರಾದರೂ ತಿಂಗಳು ಕೇಳಲು ಬಾಯಿ ತೆರೆದರೆ ಅಲ್ಲಿಗೂ ಹಾಜರು. "ಟಿಕೆಟ್ ತಗೊಂಡ್ರೇನ್ ಯವ್ವಾ?"

ಒಮ್ಮೆ ಬಸ್ಸು ನಿಲ್ಲಿಸಿದಾಗ ಒಬ್ಬರು ರೇಗಿದರು. "ಒಬ್ಬರ ಸಲುವಾಗಿ ಎಲ್ಲಾರೂ ಕಾಯಬೇಕೇನು?"

"ನಿಮಗ ಬಂದ್ರೂ ನಿಲ್ಲಸ್ತೀನ್ರೀ, ಕುಂದರ್ರಿ."

ವಾಂತಿ ಪೂರ್ತಿ ನಿಲ್ಲಲಿಲ್ಲ. ಆದರೆ ಬಸ್ಸಿನ ಹೆದರಿಕೆ ಹೋದ ಮೇಲೆ ಅದೂ ಕಡಿಮೆಯಾಯಿತು. ಪತ್ರ ಹರಿದುಹಾಕಿದೆ.

ನಿವೃತ್ತರಾದ ಮರುವರ್ಷ ಅವರು ತೀರಿಕೊಂಡರು. ಮಾನ್ವಿಗೆ ಹೋದೆ. "ಆ ಅಕ್ಕೋರು ನೀವೇನ್ರೀ?" ಎಂದು ಅವರ ಹೆಂಡತಿ ಕೈ ಹಿಡಿದರು. "ಚಿಗಳಿ ಕೊಟ್ಟು ನೋಯಿಸಿದ್ನಲ್ಲ ಅಂತ ಕಡೀತನಾ ಅಂತಿದ್ರು." ನನಗೆ ಅಳು ತಡೆಯಲಾಗಲಿಲ್ಲ.

ಮೊನ್ನೆ ಕಲ್ಮಲದ ಹತ್ತಿರ ಹೊಸ ಮದುವಣಗಿತ್ತಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಎದ್ದು ಕಿಟಕಿ ಸೀಟು ಬಿಟ್ಟುಕೊಟ್ಟೆ, ಚೀಲ ಕೈಗಿಟ್ಟೆ. ಏನೂ ಕೇಳಲಿಲ್ಲ.